ಪೊಯೆಟೊವಿಯೊದ ಸೇನಾಪತಿ ಮತ್ತು ಧರ್ಮಾಧ್ಯಕ್ಷರು

ನವೆಂಬರ್ 2ರಂದು ನಾವೆಲ್ಲ ನಮ್ಮ ಹಿರಿಯರ ಸಮಾಧಿಗಳ ಮೇಲೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತೇವೆ. ಅದೇ ದಿನ ಧರ್ಮಸಭೆಯು ಒಬ್ಬ ರಕ್ತಸಾಕ್ಷಿಯನ್ನೂ ನೆನೆಯುತ್ತದೆ. ಮೃತರ ಸ್ಮರಣೆಯ ನಡುವೆ ಅವರ ಹೆಸರು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಅವರೇ ಪೊಯೆಟೊವಿಯೊದ ಧರ್ಮಾಧ್ಯಕ್ಷರಾಗಿದ್ದ ಸಂತ ವಿಕ್ಟೊರಿನಸ್.

ಪೊಯೆಟೊವಿಯೊ ಎಂದರೆ ಇಂದಿನ ಸ್ಲೊವೇನಿಯಾ ದೇಶದಲ್ಲಿ, ದ್ರಾವಾ ನದಿಯ ದಡದಲ್ಲಿರುವ ಪ್ತುಯ್ ಪಟ್ಟಣ. ರೋಮನ್ನರ ಕಾಲದಲ್ಲಿ ಅಲ್ಲಿ ದೊಡ್ಡ ಸುಂಕದ ಕಚೇರಿ ಇತ್ತು, ಸೈನಿಕರ ಓಡಾಟವಿತ್ತು. ಈ ಎರಡು ಬಳಗಗಳ ಅಚ್ಚುಮೆಚ್ಚಿನ ದೇವರು ಮಿಥ್ರಾಸ್. ಹೆಸರು ಪರ್ಷಿಯಾದ್ದು, ವೇದಗಳ ಮಿತ್ರನಿಗೂ ಅದಕ್ಕೂ ಮೂಲ ಒಂದೇ. ಪೂಜಾಕ್ರಮ ಮಾತ್ರ ಬೆಳೆದದ್ದು ರೋಮನ್ ಸಾಮ್ರಾಜ್ಯದಲ್ಲಿ. ಗುಡಿ ಗುಹೆಯಂತೆ ಕತ್ತಲು. ಎರಡೂ ಬದಿಯಲ್ಲಿ ಕಲ್ಲಿನ ಜಗಲಿ, ಎದುರಿಗೆ ಮಿಥ್ರಾಸನು ಗೂಳಿಯನ್ನು ಕೊಲ್ಲುವ ಶಿಲ್ಪ. ದೀಕ್ಷೆಗೆ ಏಳು ಮೆಟ್ಟಿಲು. ಅವುಗಳಲ್ಲಿ ಒಂದರ ಹೆಸರೇ 'ಸೈನಿಕ'. ಪ್ತುಯ್‌ನ ಮೊದಲ ಗುಡಿಯನ್ನು 2ನೇ ಶತಮಾನದಲ್ಲಿ ಕಟ್ಟಿಸಿದವರು ಸುಂಕದ ಕಚೇರಿಯ ಗುಲಾಮರು ಎಂಬುದು ಸೋಜಿಗ. 1913ರಲ್ಲಿ ಸಿಕ್ಕ ಇನ್ನೊಂದು ಗುಡಿಯಲ್ಲಿ ಚಕ್ರವರ್ತಿ ಗ್ಯಾಲಿಯೇನಸ್‌ನ ಸೈನಿಕರ ಬಲಿಪೀಠಗಳಿವೆ.

ಅದೇ ಊರಿನ ಒಂದು ಶಾಸನ ನಮ್ಮ ಗಮನಕ್ಕೆ ತಕ್ಕದ್ದು. ಅಜೇಯ ಸೂರ್ಯದೇವ ಮಿಥ್ರಾಸನ ಗುಡಿ ಶಿಥಿಲವಾಗಿತ್ತು, ಸೇನಾಪತಿ ಔರೇಲಿಯಸ್ ಯುಸ್ಟಿನಿಯಾನಸ್ ಅದನ್ನು ಜೀರ್ಣೋದ್ಧಾರ ಮಾಡಿಸಿದನು ಎಂಬುದು ಅದರ ಒಕ್ಕಣೆ. (ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಳಿದ ಚಕ್ರವರ್ತಿ ಜಸ್ಟಿನಿಯನ್ ಬೇರೆ, ಈತ ಬೇರೆ.) ಆತನ ಪದವಿಯನ್ನು ನೋಡಿ ವಿದ್ವಾಂಸರು ಈ ಕೆಲಸವನ್ನು 3ನೇ ಶತಮಾನದ ಕೊನೆಗೆ ಅಥವಾ 4ನೇ ಶತಮಾನದ ಆರಂಭಕ್ಕೆ ಸೇರಿಸುತ್ತಾರೆ. ಸೇನಾಪತಿಯೊಬ್ಬ ಇಂತಹ ಗುಡಿಯನ್ನು ಎತ್ತಿ ನಿಲ್ಲಿಸಿದರೆ ಅದು ಬರೀ ಅವನ ಭಕ್ತಿಯಲ್ಲ, ರಾಜನಿಷ್ಠೆಯೂ ಹೌದು. 308ರಲ್ಲಿ ಡ್ಯಾನ್ಯೂಬ್ ನದಿಯ ಬಳಿಯ ಕಾರ್ನುಂಟಮ್‌ನಲ್ಲಿ ಸ್ವತಃ ಚಕ್ರವರ್ತಿಗಳೇ ಮಿಥ್ರಾಸನ ಗುಡಿಯನ್ನು ಸರಿಪಡಿಸಿ, ಅವನನ್ನು ತಮ್ಮ ಸಾಮ್ರಾಜ್ಯದ ಪೋಷಕನೆಂದು ಕಲ್ಲಿನಲ್ಲಿ ಕೆತ್ತಿಸಿದರು.

ಆ ವರ್ಷಗಳಲ್ಲಿ ನಮ್ಮವರ ಪಾಡೇನು? 303ರಲ್ಲಿ ಡಯೊಕ್ಲೇಶಿಯನ್ ಹೊರಡಿಸಿದ ಆಜ್ಞೆ ದೇವಾಲಯಗಳನ್ನು ಕೆಡವಲು, ಪವಿತ್ರ ಗ್ರಂಥಗಳನ್ನು ಸುಡಲು ಹೇಳಿತು. ಸುಮಾರು 304ರಲ್ಲಿ ವಿಕ್ಟೊರಿನಸ್ ಪ್ರಾಣ ತೆತ್ತರು. ಬೀಳುತ್ತಿದ್ದ ಒಂದು ಗುಡಿಗೆ ಸೇನಾಪತಿಯೇ ಆಸರೆಯಾದ ಊರಿನಲ್ಲಿ, ಅದೇ ತಲೆಮಾರಿನ ಆಸುಪಾಸಿನಲ್ಲಿ, ಕ್ರೈಸ್ತರ ಕುರುಬನಿಗೆ ಆಸರೆ ಇರಲಿಲ್ಲ.

ವಿಕ್ಟೊರಿನಸರು ಬಿಟ್ಟುಹೋದದ್ದು ಬರಹ. ಪ್ರಕಟನಾ ಗ್ರಂಥಕ್ಕೆ ಲತೀನ್ ಭಾಷೆಯಲ್ಲಿ ಬರೆದು ಇಂದಿಗೂ ಉಳಿದಿರುವ ವ್ಯಾಖ್ಯಾನಗಳಲ್ಲಿ ಅವರದೇ ಅತ್ಯಂತ ಹಳೆಯದು. ಅವರಿಗೆ ಗ್ರೀಕ್ ಬಂದಷ್ಟು ಚೆನ್ನಾಗಿ ಲತೀನ್ ಬರುತ್ತಿರಲಿಲ್ಲ, ಅರ್ಥ ಎತ್ತರದ್ದು, ಭಾಷೆ ಸಾಧಾರಣ ಎಂದು ಸಂತ ಜೆರೋಮ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅಂತಹ ಪ್ರಬೋಧನೆಗಳನ್ನು ನಾವೂ ಕೇಳಿದ್ದೇವೆ! ಜೆರೋಮ್ ಆ ವ್ಯಾಖ್ಯಾನವನ್ನು ತಿದ್ದಿ, ಕ್ರಿಸ್ತರು ಭೂಮಿಯ ಮೇಲೆ ಸಾವಿರ ವರ್ಷ ಆಳುವರೆಂಬ ಮಾತುಗಳನ್ನು ತೆಗೆದು ಪ್ರಚಾರಕ್ಕೆ ತಂದರು. ಶತಮಾನಗಳ ಕಾಲ ಜನ ಓದಿದ್ದು ಆ ಪಾಠವನ್ನೇ.

313ರ ನಂತರ ಕ್ರೈಸ್ತರಿಗೆ ಬಹಿರಂಗವಾಗಿ ಆರಾಧಿಸುವ ಹಕ್ಕು ಸಿಕ್ಕಿತು. ಅದೇ ಶತಮಾನದಲ್ಲಿ ಮಿಥ್ರಾಸನ ಗುಡಿಗಳು ಒಂದೊಂದಾಗಿ ಬರಿದಾದವು. ಪ್ತುಯ್‌ನಲ್ಲಿ ಈಗ ಅವುಗಳ ಬಲಿಪೀಠಗಳನ್ನು ಸೂರು ಕಟ್ಟಿ ಕಾಪಾಡಿದ್ದಾರೆ. ವಿಕ್ಟೊರಿನಸರ ತಿದ್ದದ ಮೂಲಪಾಠವು ವ್ಯಾಟಿಕನ್‌ನ ಒಂದು ಹಸ್ತಪ್ರತಿಯಲ್ಲಿ ಉಳಿದಿತ್ತು. ಅದು ಅಚ್ಚಾದದ್ದು 1916ರಲ್ಲಿ.