ರಕ್ತ ಕೊಡಬಹುದು, ಸಂಘ ಕಟ್ಟೋ ಹಾಗಿಲ್ಲ

ನಮ್ಮ ಬೈಲಹೊಂಗಲ ಕಡೆಯ ಯಾವುದೇ ಕನ್ನಡ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿ, ಅರ್ಧ ಪೊಲೀಸ್ ಠಾಣೆ ಅದರಲ್ಲೇ ಇರುತ್ತೆ. ತಳವಾರ, ವಾಲೀಕಾರ, ಸನದಿ, ಕೊನೆಗೆ ಪೊಲೀಸಪಾಟೀಲ. ನಮ್ಮ ಆಫೀಸಿಗೆ ಬಂದ ಹೊಸ ಹುಡುಗನೊಬ್ಬನ ಐಡಿ ಕಾರ್ಡಿನಲ್ಲಿ ಈ ಕೊನೆಯ ಹೆಸರು ನೋಡಿ ಎಚ್‌ಆರ್ ಮೇಡಂ, 'ಇದು ಹುದ್ದೆನಾ, ಹೆಸರಾ?' ಅಂತ ಕೇಳಿದ್ದರು. ಒಂದು ಕಾಲಕ್ಕೆ ಹುದ್ದೆ, ಈಗ ಹೆಸರು. 'ಸನದಿ'ಯೂ ಹಾಗೇ. ಅದು ರಾಜ್‌ಕುಮಾರ್ ಸಿನಿಮಾದ ಸನಾದಿ ಅಲ್ಲ, ವಾದ್ಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಸನದು ಅಂದರೆ ಸರ್ಕಾರ ಕೊಟ್ಟ ಪತ್ರ, ಶೇತ ಅಂದರೆ ಮರಾಠಿಯಲ್ಲಿ ಹೊಲ. ಹೊಲದ ಸನದು ಪಡೆದು, ಅದರ ಬದಲಿಗೆ ಊರು ಕಾಯುವವನು ಶೇತಸನದಿ.

ಈ ಪದ್ಧತಿ ನನಗೆ ಯಾಕೆ ಇಷ್ಟ ಅಂದರೆ, ಅಲ್ಲಿ ಕಾವಲುಗಾರನಿಗೂ ಊರಿಗೂ ನಡುವೆ ಒಪ್ಪಂದ ಕಣ್ಣಿಗೆ ಕಾಣುವಂತಿತ್ತು. ಸಂಬಳ ಇಲ್ಲ, ಹೊಲ ಇದೆ. ಹೊಲ ಊರಲ್ಲೇ ಇದೆ, ಹಾಗಾಗಿ ಅವನೂ ಊರಲ್ಲೇ. ಕಳ್ಳತನ ಆದರೆ ಹೆಜ್ಜೆ ಹಿಡಿದು ಹೋಗಬೇಕು, ಕಂದಾಯದ ಹಣ ಖಜಾನೆಗೆ ಹೋಗುವಾಗ ಜೊತೆ ನಡೆಯಬೇಕು, ದೇಸಾಯಿ ಕರೆದರೆ ಕತ್ತಿ ಹಿಡಿದು ಹೋಗಬೇಕು. ಕಿತ್ತೂರಿನ ಬಲ ಅರಮನೆಯಲ್ಲಿ ಇದ್ದದ್ದಕ್ಕಿಂತ ಈ ಹೊಲಗಳಲ್ಲಿ ಜಾಸ್ತಿ ಇತ್ತು ಅಂತ ನನ್ನ ಅನಿಸಿಕೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಪಡೆ ಬಂತು, ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರಲ್ಲಿ ತೀರಿಕೊಂಡರು. ಇಷ್ಟು ಎಲ್ಲರಿಗೂ ಗೊತ್ತು. ಕೋಟೆ ಬಿದ್ದ ಮೇಲೆ ಕಂಪನಿ ಸರ್ಕಾರ ಕೈ ಹಾಕಿದ್ದು ಈ ಹೊಲಗಳಿಗೆ ಅನ್ನೋದು ಅಷ್ಟಾಗಿ ಮಾತಿಗೆ ಬರಲ್ಲ. ಸನದಿನ ಜಮೀನಿನಲ್ಲಿ ಒಂದು ಪಾಲು ವಾಪಸ್, ಉಳಿದದ್ದಕ್ಕೆ ಭಾರಿ ಕಂದಾಯ.

ಸಂಗೊಳ್ಳಿಯ ರಾಯಣ್ಣ ಇಂಥ ಒಬ್ಬ ಶೇತಸನದಿ. ಬೆಂಗಳೂರಿಗೆ ರೈಲಿನಲ್ಲಿ ಬರುವ ಎಷ್ಟೋ ಜನ ಅವನ ಹೆಸರಿನ ನಿಲ್ದಾಣದಲ್ಲೇ ಇಳಿಯೋದು. ಆದರೆ 'ಕೆಎಸ್‌ಆರ್' ಅಂತ ಮೊಟಕು ಮಾಡಿಕೊಂಡು ಆ್ಯಪ್‌ನಲ್ಲಿ ಟಿಕೆಟ್ ಬುಕ್ ಮಾಡುವಾಗ, ಆತ ಒಂದು ಊರಿನ ಕಾವಲಿನವನು, ಇವತ್ತಿನ ಲೆಕ್ಕದಲ್ಲಿ ಬೀಟ್ ಪೊಲೀಸ್ ಅನ್ನೋದು ಯಾರಿಗೂ ಹೊಳೆಯಲ್ಲ. 1830ರಲ್ಲಿ ಅವನ ಜೊತೆ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟವರಲ್ಲಿ ಅವನಂಥದೇ ಹೊಲ ಕಳೆದುಕೊಂಡವರಿದ್ದರು. ಅವರು ಸುಟ್ಟದ್ದರಲ್ಲಿ ಕಂದಾಯದ ದಫ್ತರವೂ ಇತ್ತು. ಬಂಡಾಯವನ್ನು ದೇಶಭಕ್ತಿ ಅಂತ ಓದಿದವರು ನಾವು, ಅದು ತಪ್ಪಲ್ಲ. ಜೊತೆಗೆ ಅದು ಕೆಲಸದ ಷರತ್ತು ಒಮ್ಮೆಲೇ ಬದಲಾದ ಕಾವಲುಗಾರರ ಸಿಟ್ಟು ಕೂಡ. ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಆಮೇಲೆ ಬಂದದ್ದು ಸಂಬಳದ ಪೊಲೀಸ್. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆ ಊರಿಗೊಬ್ಬ ಪೊಲೀಸ್ ಪಾಟೀಲನನ್ನು ಉಳಿಸಿಕೊಂಡಿತು, ಆದರೆ ಅವನ ಮೇಲೆ ಜಿಲ್ಲೆಯ ಅಧಿಕಾರಿಗಳನ್ನು ಕೂರಿಸಿತು. ಠಾಣೆಗೆ ಬಂದ ಹವಾಲ್ದಾರ ಬೇರೆ ಊರಿನವನು. ಅವನಿಗೆ ಇಲ್ಲಿ ಹೊಲ ಇಲ್ಲ, ಬೀಗರಿಲ್ಲ. ಊರವರ ಪಾಲಿಗೆ ಅವನು ಸರ್ಕಾರದ ಮನುಷ್ಯ.

ಈ ದೂರ ಎಷ್ಟು ಬೆಳೆದಿತ್ತು ಅಂತ ತೋರಿಸಿದ್ದು ರಾಮದುರ್ಗ. ಅದು ಆಗ ಭಾವೆ ಮನೆತನದ ಪುಟ್ಟ ಸಂಸ್ಥಾನ. ಪ್ರಜಾ ಸಂಘದವರು ತೆರಿಗೆ ಇಳಿಸಿ, ಹಕ್ಕು ಕೊಡಿ ಅಂತ ಕೇಳುತ್ತಿದ್ದರು. 1939ರ ಏಪ್ರಿಲ್ 7ರಂದು ಮುಖಂಡರ ಬಂಧನದಿಂದ ರೊಚ್ಚಿಗೆದ್ದ ಜನ ಊರೊಳಗೆ ನುಗ್ಗಿದರು. ಗುಂಡು ಹಾರಿತು, ಬೆಂಕಿ ಬಿತ್ತು, ಸಂಸ್ಥಾನದ ಪೊಲೀಸರು ಜನರ ಕೈಯಲ್ಲೇ ಸತ್ತರು. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಈ ಹಿಂಸೆಯನ್ನು ಖಂಡಿಸಿ ಬರೆದರು. ನಂತರದ ಮೊಕದ್ದಮೆಯಲ್ಲಿ ಹೋರಾಟಗಾರರಿಗೆ ಮರಣದಂಡನೆಯವರೆಗೂ ಶಿಕ್ಷೆ ಆಯಿತು. ಅವರನ್ನು ನಾವು ಹುತಾತ್ಮರು ಅಂತೀವಿ, ಅನ್ನಬೇಕು ಕೂಡ. ಸತ್ತ ಆ ಪೊಲೀಸರು? ಅವರೂ ಬಡವರ ಮನೆ ಮಕ್ಕಳೇ, ತಿಂಗಳ ಸಂಬಳಕ್ಕೆ ನಿಂತವರು. ನಾನು ಓದಿದ ಯಾವ ಪಾಠದಲ್ಲೂ ಅವರ ಹೆಸರು ಬಂದಿಲ್ಲ.

ಈಗಿನ ವಿಷಯಕ್ಕೆ ಬರ್ತೀನಿ. ಪ್ರತಿ ವರ್ಷ ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನಾಚರಣೆ. ಅವತ್ತು ಪುಟ್ಟ ಧ್ವಜದ ಚೀಟಿ ಕೊಟ್ಟು ಜನರಿಂದ ಹಣ ಸಂಗ್ರಹಿಸ್ತಾರೆ. ಆ ಹಣ ಪೊಲೀಸರ, ಅದರಲ್ಲೂ ನಿವೃತ್ತರಾದವರ ಕಲ್ಯಾಣಕ್ಕೆ. ಆ ತಾರೀಖಿಗೆ ಕಾರಣ ಇದೆ. ಬೈಲಹೊಂಗಲ, ಸವದತ್ತಿ ಠಾಣೆಗಳು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದರೂ ಕಾನೂನು ಮಾತ್ರ ಮುಂಬಯಿಯದೇ ಇತ್ತು. ಇಡೀ ರಾಜ್ಯಕ್ಕೆ ಒಂದೇ ಪೊಲೀಸ್ ಕಾಯ್ದೆ ಜಾರಿಗೆ ಬಂದದ್ದು 1965ರ ಏಪ್ರಿಲ್ 2ರಂದು. ಅಂದರೆ ಬೆಳಗಾವಿಯ ಪೇದೆ, ಮೈಸೂರಿನ ಪೇದೆ, ಕಲಬುರಗಿಯ ಪೇದೆ ಕಾಗದದ ಮೇಲೆ ಒಂದೇ ಪಡೆ ಆದ ದಿನ ಅದು.

ಪಡೆ ಒಂದಾಯಿತು, ಸಂಘ ಆಗಲಿಲ್ಲ. ಮರುವರ್ಷವೇ, 1966ರಲ್ಲಿ, ಸಂಸತ್ತು ಪೊಲೀಸರ ಹಕ್ಕುಗಳನ್ನು ನಿರ್ಬಂಧಿಸುವ ಕಾಯ್ದೆ ಮಾಡಿತು. ನಾನು ಇದನ್ನ ಓದಿದ್ದು ಕೋಡ್ ರಿವ್ಯೂ ಮಾಡುವವನ ಕಣ್ಣಿನಲ್ಲಿ, ಅಪವಾದ ಎಲ್ಲಿದೆ ಅಂತ ಹುಡುಕಿಕೊಂಡು. ಅನುಮತಿ ಇಲ್ಲದೆ ಕಾರ್ಮಿಕ ಸಂಘ ಸೇರುವಂತಿಲ್ಲ, ರಾಜಕೀಯ ಸಂಘ ಸೇರುವಂತಿಲ್ಲ, ಪಡೆಯ ಭಾಗ ಅಂತ ಮಾನ್ಯತೆ ಇಲ್ಲದ ಬೇರೆ ಸಂಸ್ಥೆಗೂ ಸೇರುವಂತಿಲ್ಲ. ಅಪವಾದ ಒಂದೇ. ಕೇವಲ ಸಾಮಾಜಿಕ, ಮನರಂಜನೆಯ ಅಥವಾ ಧಾರ್ಮಿಕ ಸ್ವರೂಪದ್ದಾದರೆ ಪರವಾಗಿಲ್ಲ. ನಾಲ್ಕು ಜನ ಪೇದೆಗಳು ಸೇರಿ ಗಣಪತಿ ಕೂರಿಸಬಹುದು, ವಾಲಿಬಾಲ್ ಆಡಬಹುದು, ರಕ್ತದಾನ ಶಿಬಿರ ಮಾಡಬಹುದು. ಅದೇ ನಾಲ್ಕು ಜನ ಸೇರಿ 'ವಾರದ ರಜೆ ಯಾಕೆ ಸಿಗ್ತಿಲ್ಲ' ಅಂತ ಒಂದು ಅರ್ಜಿಗೆ ಸಂಘದ ಹೆಸರಿನಲ್ಲಿ ಸಹಿ ಮಾಡೋ ಹಾಗಿಲ್ಲ.

ನನ್ನ ಜೊತೆ ಹೈಸ್ಕೂಲು ಓದಿದ ಒಬ್ಬ ಈಗ ಹೆಡ್ ಕಾನ್‌ಸ್ಟೆಬಲ್. ಎಲ್ಲಿ ಅಂತ ಹೇಳಲ್ಲ. 'ಸೂಟಿ ಕೇಳಾಕ ನಮಗ ಸಂಘ ಇಲ್ಲಪಾ, ರಕ್ತಾ ಕೊಡಾಕ ಅಷ್ಟ ಎಲ್ಲಾರೂ ಕೂಡಿ ಹೋಕ್ಕೇವಿ' ಅಂದಿದ್ದ. ನಗುತ್ತಲೇ ಹೇಳಿದ. ಅವನು ರಕ್ತ ಕೊಡೋದರಲ್ಲಿ ಸುಳ್ಳೇನಿಲ್ಲ, ಯಾರೂ ಹೇಳದೇ ಇದ್ದರೂ ಕೊಡ್ತಾನೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಓಣಿಗಳಿಗೆ ನೀರು ನುಗ್ಗಿದಾಗ, ಜನರನ್ನ ಹೊರಗೆ ತರೋಕೆ ನೀರಿಗಿಳಿದವರಲ್ಲಿ ಪೊಲೀಸರೂ ಇದ್ದರು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು ಹಿಡಿದು ಲಕ್ಷಗಟ್ಟಲೆ ಜನ ಬರ್ತಾರೆ. ಅಲ್ಲಿ ತಪ್ಪಿಸಿಕೊಂಡ ಮಗುವನ್ನ ಹೆಗಲ ಮೇಲೆ ಕೂರಿಸಿಕೊಂಡು ಮೈಕಿನವರ ಹತ್ತಿರ ಕರ್ಕೊಂಡು ಹೋಗೋದು ಬಂದೋಬಸ್ತಿನ ಪೇದೆ ಇಲ್ಲವೇ ಹೋಮ್‌ಗಾರ್ಡ್. ಹೋಮ್‌ಗಾರ್ಡ್ ಅನ್ನೋದು ಕೂಡ ನಮ್ಮ ಹಳೇ ಮುಂಬಯಿ ಪ್ರಾಂತ್ಯದಲ್ಲೇ 1946ರ ಡಿಸೆಂಬರಿನಲ್ಲಿ, ಗಲಭೆ ತಡೆಯಲು ಸ್ವಯಂಸೇವಕರ ಪಡೆಯಾಗಿ ಹುಟ್ಟಿದ್ದು.

ಹಾಗಾಗಿ ಸೇವೆ ನಾಟಕ ಅಂತ ನಾನು ಹೇಳ್ತಿಲ್ಲ. ಸೇವೆಯೊಂದೇ ಅವರಿಗೆ ಒಟ್ಟಾಗಿ ನಿಲ್ಲಲು ಉಳಿದಿರುವ ಬಾಗಿಲು ಅಂತ ಹೇಳ್ತಿದ್ದೀನಿ.

ಬೇರೆ ಬಾಗಿಲು ತಟ್ಟಿದವರ ಕಥೆ ಚೆನ್ನಾಗಿ ಮುಗಿದಿಲ್ಲ. 1967ರಲ್ಲಿ ದೆಹಲಿಯ ಪೇದೆಗಳು ಬೀದಿಗಿಳಿದರು. ಅವರ ಸಂಘದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 1986ರಲ್ಲಿ, ಸೋಲಿನಲ್ಲಿ. ಸಂವಿಧಾನದ 33ನೇ ವಿಧಿ ಇಂಥ ನಿರ್ಬಂಧಕ್ಕೆ ಅವಕಾಶ ಕೊಡುತ್ತೆ ಅಂತ ಕೋರ್ಟು ಹೇಳಿತು. ಮುಂಬೈಯಲ್ಲಿ 1982ರ ಆಗಸ್ಟ್ 18ರಂದು ಪೊಲೀಸರ ಸಂಘದ ಮಾನ್ಯತೆ ರದ್ದಾಗಿ, ಮುಖಂಡರ ಬಂಧನವಾಗಿ, ಊರೇ ಹೊತ್ತಿ ಉರಿಯಿತು. ಸರ್ಕಾರಗಳ ಭಯಕ್ಕೆ ಕಾರಣ ಇದೆ, ಒಪ್ಪಲೇಬೇಕು. ಬಂದೂಕು ಇರುವವರು ಮುಷ್ಕರ ಹೂಡಿದರೆ ಏನಾಗುತ್ತೆ ಅಂತ ಉತ್ತರ ಪ್ರದೇಶ 1973ರಲ್ಲಿ ನೋಡಿದೆ. ಅಲ್ಲಿ ಸೈನ್ಯ ಬರಬೇಕಾಯಿತು, ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಯಿತು.

ಆದರೆ ಮುಷ್ಕರ ಬೇರೆ, ಸಂಘ ಬೇರೆ. ಬ್ರಿಟನ್ ಇದನ್ನ 1919ರಲ್ಲೇ ಬೇರ್ಪಡಿಸಿತು. ಮುಷ್ಕರ ಮಾಡಿದ ಪೊಲೀಸರನ್ನ ಮನೆಗೆ ಕಳಿಸಿತು, ಯೂನಿಯನ್ ನಿಷೇಧಿಸಿತು, ಅದೇ ಕಾಯ್ದೆಯಲ್ಲಿ ಪೊಲೀಸ್ ಫೆಡರೇಷನ್ ಅಂತ ಸ್ಥಾಪಿಸಿ ಮಾತಾಡಲು ಒಂದು ಮೇಜು ಕೊಟ್ಟಿತು. ಪಕ್ಕದ ಕೇರಳದಲ್ಲಿ ಪೊಲೀಸ್ ಅಸೋಸಿಯೇಷನ್ ಇದೆ, ಆಕಾಶವೇನೂ ಬಿದ್ದಿಲ್ಲ. ನಮ್ಮಲ್ಲೂ ಐಪಿಎಸ್ ಅಧಿಕಾರಿಗಳಿಗೆ ಅಸೋಸಿಯೇಷನ್ ಇದೆ, ಅದು ಹೇಳಿಕೆ ಕೊಡುತ್ತೆ, ಟ್ವೀಟ್ ಮಾಡುತ್ತೆ. ನಕ್ಷತ್ರ ಹೆಚ್ಚಿದಷ್ಟೂ ಸಂಘ ಸಲೀಸು.

2016ರ ಜೂನ್ 4 ನೆನಪಿದೆಯಾ? ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘ ಅವತ್ತು ಸಾಮೂಹಿಕ ರಜೆಗೆ ಕರೆ ಕೊಟ್ಟಿತ್ತು. ಸಂಬಳ, ರಜೆ, ಆರ್ಡರ್ಲಿ ಪದ್ಧತಿ ಇವೇ ಬೇಡಿಕೆ. ಸರ್ಕಾರ ಎಸ್ಮಾ ತಂದಿತು, ಮಹಾಸಂಘದ ಶಶಿಧರ್ ಅವರನ್ನು ಮೊದಲೇ ಬಂಧಿಸಿತು. 4ನೇ ತಾರೀಖು ಬೆಳಿಗ್ಗೆ ನಾವು ಸಿಗ್ನಲ್‌ನಲ್ಲಿ ನೋಡಿದಾಗ ಪೊಲೀಸರು ಎಂದಿನಂತೆ ನಿಂತಿದ್ದರು. ಅದಾಗಿ ಒಂದು ತಿಂಗಳು, ಜುಲೈ 5ರಂದು, ಚಿಕ್ಕಮಗಳೂರಿನ ಡಿವೈಎಸ್‌ಪಿ ಕಲ್ಲಪ್ಪ ಹಂಡಿಬಾಗ್ ನಮ್ಮ ಸವದತ್ತಿ ತಾಲ್ಲೂಕಿನ ಮುರಗೋಡಕ್ಕೆ ಬಂದು ಜೀವ ಕಳೆದುಕೊಂಡರು. ಅವರ ಮೇಲಿದ್ದ ಪ್ರಕರಣದ ಸರಿತಪ್ಪು ಇಲ್ಲಿ ಬೇಡ. ಒಂದು ಠಾಣೆಯಲ್ಲ, ಒಂದು ಉಪವಿಭಾಗವನ್ನೇ ನಡೆಸಿದ ಅಧಿಕಾರಿಗೂ ಕಷ್ಟ ಹೇಳಿಕೊಳ್ಳಲು ಒಂದು ಜಾಗ ಇರಲಿಲ್ಲವಾ ಅಂತ ಆ ವಾರ ನಮ್ಮೂರಿನ ಕಟ್ಟೆ ಮೇಲೆ ಕೂತವರೆಲ್ಲ ಕೇಳಿದ್ದರು. ಅದೇ ವರ್ಷ ಔರಾದ್ಕರ್ ಸಮಿತಿ ಸಂಬಳ ಏರಿಸಿ ಅಂತ ವರದಿ ಕೊಟ್ಟಿತು. ಅದು ಜಾರಿಗೆ ಬಂದದ್ದು 2019ರಲ್ಲಿ, ಅದೂ ಪೂರ್ತಿಯಾಗಿ ಅಲ್ಲ.

ನಮ್ಮ ಲೋಕದ ಕಡೆ ಒಮ್ಮೆ ತಿರುಗಿ ನೋಡಿ. ಕರ್ನಾಟಕದಲ್ಲಿ ಐಟಿ ನೌಕರರ ಯೂನಿಯನ್ 2017ರಲ್ಲೇ ಶುರುವಾಯಿತು. ಸದಸ್ಯರಾಗಲು ಯಾವ ಕಾನೂನೂ ನಮ್ಮನ್ನ ತಡೆಯಲ್ಲ. ನನ್ನ ತಂಡದ ಹದಿನಾಲ್ಕು ಜನರಲ್ಲಿ ಸದಸ್ಯರು ಎಷ್ಟು ಅಂತ ಕೇಳಿದೆ. ಯಾರೂ ಇಲ್ಲ. ರಾತ್ರಿ ಮೂರಕ್ಕೆ ಆನ್‌ಕಾಲ್ ಫೋನು ಬಂದರೆ ಬೈಕೊಂಡು ಎದ್ದು ಕೂರ್ತೀವಿ, ಬೆಳಿಗ್ಗೆ ಕಂಪನಿಯ ಸಿಎಸ್‌ಆರ್ ದಿನ ಅಂತ ಸರ್ಕಾರಿ ಶಾಲೆಗೆ ಸುಣ್ಣ ಹಚ್ಚೋಕೆ ಟಿ-ಶರ್ಟ್ ಹಾಕ್ಕೊಂಡು ಹೋಗ್ತೀವಿ. ಆ ಹೆಡ್ ಕಾನ್‌ಸ್ಟೆಬಲ್‌ಗೆ ಇದನ್ನ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. 'ನಿಮಗ ಬಿಟ್ಟಾರ, ಆದ್ರೂ ಕಟ್ಟಂಗಿಲ್ಲ. ನಮಗ ಬಿಟ್ರ ನಾಳೇನ ಕಟ್ತೇವಿ' ಅಂದ. ಆಮೇಲೆ ಗುಡ್ಡದ ಬಂದೋಬಸ್ತಿಗೆ ಹೊರಡೋದಿದೆ, ಮೂರು ದಿನ ಫೋನು ಎತ್ತೋಕಾಗಲ್ಲ ಅಂತ ಇಟ್ಟುಬಿಟ್ಟ.