ಕಟ್ಟಡ ಕಾರ್ಯನಿರ್ವಹಣೆಯ ಶಿಕ್ಷಣ: ಗಡಿನಾಡಿನಿಂದ ಒಂದು ಐತಿಹಾಸಿಕ ಅವಲೋಕನ

ದಾನೋಳಿಯಿಂದ ಪೇಟೆಗೆಂದು ಜಯಸಿಂಗಪುರಕ್ಕೆ ಹೋದವರು ಅಲ್ಲಿಯ ನೇರವಾದ ಬೀದಿಗಳನ್ನು ಕಾಣದೆ ಇರಲಾರರು. ಆ ಪಟ್ಟಣವನ್ನು ಯೋಜನೆಯಂತೆ ನೆಲೆಗೊಳಿಸಿ, ಅದಕ್ಕೆ ತಮ್ಮ ತಂದೆಯ ಹೆಸರನ್ನಿಟ್ಟವರು ಕೊಲ್ಲಾಪುರದ ಶಾಹೂ ಮಹಾರಾಜರೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ದಾರ ಹಿಡಿದು ಮೂಲೆ ಕೂಡಿಸಿದ ಗೌಂಡಿಗಳ ಹೆಸರಾಗಲಿ, ಆಳುಗಳ ಹಜೇರಿ ಬರೆದು ಕಲ್ಲು-ಸುಣ್ಣದ ಲೆಕ್ಕವಿಟ್ಟ ಮೇಲ್ವಿಚಾರಕರ ಹೆಸರಾಗಲಿ ಯಾರ ಬಾಯಲ್ಲಿಯೂ ಇಲ್ಲ. ನಕ್ಷೆ ಬರೆಯುವವನಿಗೂ ಗೋಡೆ ಏರಿಸುವವನಿಗೂ ನಡುವೆ ನಿಂತು ಕೆಲಸವನ್ನು ಸಾಗಿಸುವ ಈ ಮನುಷ್ಯನಿಗೆ ಶಿಕ್ಷಣ ದೊರೆತ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಮುಂಬಯಿ ಪ್ರಾಂತದಲ್ಲಿ ರೇಲ್ವೆ ಓಡಿದುದು ೧೮೫೩ರಲ್ಲಿ. ಮರುವರ್ಷವೇ, ಎಂದರೆ ೧೮೫೪ರಲ್ಲಿ, ಪುಣೆಯಲ್ಲಿ ಇಂಜಿನಿಯರಿಂಗ್ ಶಾಲೆ ಹುಟ್ಟಿತು. ಲೋಕೋಪಯೋಗಿ ಕೆಲಸಗಳಿಗೆ ಬೇಕಾದ ಕೆಳದರ್ಜೆಯ ಅಧಿಕಾರಿಗಳನ್ನು ಸಿದ್ಧಗೊಳಿಸುವುದೇ ಅದರ ಮೊದಲ ಉದ್ದೇಶವಾಗಿತ್ತೆಂಬುದನ್ನು ಗಮನಿಸಬೇಕು. ೧೮೬೬ರಲ್ಲಿ ಅದು ಸಿವಿಲ್ ಇಂಜಿನಿಯರಿಂಗ್ ಕಾಲೇಜೆನಿಸಿತು. ೧೮೮೩ರಲ್ಲಿ ಕನ್ನಡಿಗರಾದ ವಿಶ್ವೇಶ್ವರಯ್ಯನವರು ಅಲ್ಲಿಯೇ ಪದವಿ ಪಡೆದರು. ಶಾಲೆ ಬೆಳೆದಂತೆ ಇಂಜಿನಿಯರರ ಗೌರವವೂ ಬೆಳೆಯಿತು. ಗೌಂಡಿಯ ಮಗ ಮಾತ್ರ ತಂದೆಯ ಬದಿಯಲ್ಲಿ ನಿಂತೇ ಕಲಿಯಬೇಕಾಯಿತು.

ಕೇವಲ ನಕ್ಷೆಯಿಂದ ಕೆಲಸ ಮುಗಿಯುವುದಿಲ್ಲ. ಶಾಹೂ ಮಹಾರಾಜರು ಆರಂಭಿಸಿದ ರಾಧಾನಗರಿ ಅಣೆಕಟ್ಟು ಅವರ ಜೀವಮಾನದಲ್ಲಿ ಪೂರ್ಣಗೊಳ್ಳಲಿಲ್ಲ; ಸ್ವಾತಂತ್ರ್ಯ ಬಂದ ಮೇಲೆ ಪೂರೈಸಿತು. ಹಣ, ಆಳು, ಸಾಮಗ್ರಿ, ಕಾಲ ಈ ನಾಲ್ಕನ್ನೂ ಹೊಂದಿಸುವುದು ಬೇರೆಯೇ ಒಂದು ವಿದ್ಯೆ. ಸೋಲಾಪುರದ ವಾಲಚಂದ ಹೀರಾಚಂದರು ಇಂಜಿನಿಯರಿಂಗ್ ಪದವೀಧರರಲ್ಲ. ರೇಲ್ವೆಯಲ್ಲಿ ಕಾರಕೂನರಾಗಿದ್ದ ಫಾಟಕರೊಡನೆ ಗುತ್ತಿಗೆ ಹಿಡಿದು, ಕೆಲಸದಲ್ಲಿಯೇ ಈ ವಿದ್ಯೆಯನ್ನು ಕಲಿತು, ೧೯೨೬ರಲ್ಲಿ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯನ್ನು ಸ್ಥಾಪಿಸಿದರು. ೧೯೪೭ರಲ್ಲಿ ಸಾಂಗಲಿಯಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜಿಗೆ ಮುಂದೆ ಅವರ ಹೆಸರೇ ಬಂದಿತು. ಕಟ್ಟಡ ಕಾರ್ಯನಿರ್ವಹಣೆಗೆಂದೇ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಲು ಮಾತ್ರ ೧೯೮೩ರವರೆಗೆ ಕಾಯಬೇಕಾಯಿತು. ನಿಕ್ಮಾರ್ ಎಂದು ಅದು ಪ್ರಸಿದ್ಧವಾಗಿದೆ.

ಇಂದು ಹತ್ತನೆಯ ತರಗತಿ ಮುಗಿಸಿದವನಿಗೆ ದಾರಿಗಳಿವೆ. ಐ.ಟಿ.ಐ.ಯಲ್ಲಿ ಸರ್ವೇಯರ್ ಅಥವಾ ನಕ್ಷೆಗಾರನ ತರಬೇತಿ. ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಸಿವಿಲ್ ಡಿಪ್ಲೊಮಾ. ಬಳಿಕ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶ. ಆದರೂ ನಮ್ಮ ಗಡಿಭಾಗದ ಹುಡುಗನ ಮುಂದೆ ಒಂದು ಹೊಸ್ತಿಲು ಉಳಿದೇ ಇದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷು. ತಂದೆ ಮರಳನ್ನು ಬ್ರಾಸಿನಲ್ಲಿ ಹೇಳುತ್ತಾನೆ. ಮಗನ ಪುಸ್ತಕ ಘನ ಮೀಟರಿನಲ್ಲಿ ಕೇಳುತ್ತದೆ. ಒಂದು ಬ್ರಾಸೆಂದರೆ ನೂರು ಘನ ಅಡಿ, ಸುಮಾರು ೨.೮೩ ಘನ ಮೀಟರು ಎಂದು ಯಾರಾದರೂ ಕೂಡಿಸಿ ತೋರಿಸಿದರೆ ಹುಡುಗನ ಅಂಜಿಕೆ ಕಳೆಯುತ್ತದೆ. ತೋರಿಸುವವರಿಲ್ಲದಿದ್ದರೆ, ಕೈಯಲ್ಲಿ ಕಸಬಿದ್ದೂ ಅವನು ಇನ್ನೊಬ್ಬನು ಬರೆದ ಅಳತೆಗೆ ಹೆಬ್ಬೆಟ್ಟೊತ್ತುವವನಾಗಿಯೇ ಉಳಿಯುತ್ತಾನೆ.

ಆದಕಾರಣ ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ಗಣಿತದ ತಾಸಿನಲ್ಲಿ ಮಕ್ಕಳಿಂದ ಶಾಲೆಯ ಕಂಪೌಂಡ್ ಗೋಡೆಯನ್ನು ಅಳೆಯಿಸೋಣ. ಇಟ್ಟಿಗೆ, ಸಿಮೆಂಟು, ಆಳಿನ ಕೂಲಿಗಳ ಅಂದಾಜನ್ನು ಕನ್ನಡದಲ್ಲಿಯೇ ಬರೆಯಿಸೋಣ. ಅದರ ಪಕ್ಕದಲ್ಲಿ ಮರಾಠಿ, ಇಂಗ್ಲಿಷ್ ಪದಗಳನ್ನೂ ಇಡೋಣ. ಊರಿನ ಹಿರಿಯ ಗೌಂಡಿಯೊಬ್ಬನನ್ನು ಗೌರವದಿಂದ ಕರೆದು, ತೂಗುಗುಂಡು ಹಿಡಿಯುವ ಬಗೆಯನ್ನು ಅವನ ಬಾಯಿಂದಲೇ ಕೇಳಿಸೋಣ. ಇದಕ್ಕೆ ಸರಕಾರದ ಅಪ್ಪಣೆಯೂ ಬೇಡ, ಅನುದಾನವೂ ಬೇಡ. ಪುಣೆಯ ಶಾಲೆ ಹುಟ್ಟಿ ನೂರಾ ಎಪ್ಪತ್ತು ವರ್ಷಗಳು ಸಂದವು. ಅಂದು ಆರಂಭವಾದ ವಿದ್ಯೆ ಗೋಡೆ ಕಟ್ಟುವವನ ಮನೆಯ ಬಾಗಿಲಿಗೆ ತಲುಪಬೇಕಾದರೆ, ಕೊನೆಯ ಹೆಜ್ಜೆಯನ್ನು ನಮ್ಮ ಪ್ರೌಢಶಾಲೆಗಳೇ ಇಡಬೇಕು.