ಮಲೆನಾಡಿನ ದೊಡ್ಡಬೇಟೆಯೂ ನಂಬಿಗಸ್ತ ಮಾರ್ಗದರ್ಶಿಯೂ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯನ್ನು ಕುರಿತು ಒಂದು ವಿಚಾರ

ಅರಸನು ಬೇಟೆಯ ಕಾಡನ್ನು ಹೊಗುವ ಮೊದಲು ಬೇಡರೂ ಬೇಟೆನಾಯಿಗಳನ್ನು ಸಾಕುವವರೂ ಅಲ್ಲಿ ಕಳ್ಳರ, ಕ್ರೂರಮೃಗಗಳ ಹಾಗೂ ಹಗೆಗಳ ಭಯವಿಲ್ಲದಂತೆ ಮಾಡಿರಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಈ ಮಾತು ಬರುವುದು ರಾಜವಿನೋದಗಳ ಸಂದರ್ಭದಲ್ಲಲ್ಲ, ರಾಜನ ಆತ್ಮರಕ್ಷಣೆಯನ್ನು ಕುರಿತ ಪ್ರಕರಣದಲ್ಲಿ ಎಂಬುದು ಗಮನಾರ್ಹವಾದುದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆಯು ವಿನೋದಗಳ ಸಾಲಿಗೆ ಸೇರಿತು. ಆದರೆ ವಿನೋದವಾದ ಮಾತ್ರಕ್ಕೆ ಹಳೆಯ ಪ್ರಶ್ನೆ ಮಾಯವಾಗಲಿಲ್ಲ. ಆಯುಧಪಾಣಿಯ ಪ್ರಾಣವು ಅವನ ಮುಂದೆ ಬರಿಗೈಯಲ್ಲಿ ನಡೆಯುವವನ ಕಣ್ಣು ಕಿವಿಗಳನ್ನು ಅವಲಂಬಿಸಿರುತ್ತದೆ. ಆ ಮುಂದಿನವನನ್ನು ಆರಿಸುವುದು ಹೇಗೆ, ನಂಬುವುದು ಏತರ ಮೇಲೆ? ಈ ಪ್ರಶ್ನೆಯನ್ನು ನಾವು ಮಲೆನಾಡಿನ ಮೂರು ತಾಲ್ಲೂಕುಗಳ ಮಟ್ಟಿಗೆ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಹಿಂದೆ ಕಡೂರು ಜಿಲ್ಲೆ ಎನಿಸಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳು ನೆರೆಹೊರೆಯವಾದರೂ ಅವುಗಳ ಕಾಡು ಒಂದೇ ಬಗೆಯದಲ್ಲ. ಶೃಂಗೇರಿಯ ಸುತ್ತಣದು ಘಟ್ಟದ ಅಂಚಿನ ನಿತ್ಯಹರಿದ್ವರ್ಣದ ಕಾನು. ಹಗಲಿನಲ್ಲಿಯೂ ಮಬ್ಬು, ಮಳೆಗಾಲದಲ್ಲಿ ಉಂಬಳದ ಕಾಟ. ಕೊಪ್ಪದಲ್ಲಿ ಕಾನು, ಅಡಕೆಯ ತೋಟ, ಗದ್ದೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಎಡೇಹಳ್ಳಿ ಎಂಬ ಹಳೆಯ ಹೆಸರನ್ನು ಬಿಟ್ಟು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ತಳೆದ ನರಸಿಂಹರಾಜಪುರದಿಂದ ಭದ್ರಾನದಿಯ ಕೆಳಗಣ ಲಕ್ಕವಳ್ಳಿಯ ಕಡೆಗೆ ಸರಿದಂತೆ ತೇಗ, ಬಿದಿರು ಬೆಳೆವ, ಬೇಸಗೆಯಲ್ಲಿ ಎಲೆಯುದುರುವ ಕಾಡು ತೊಡಗುತ್ತದೆ. ಕಾಟಿಗೂ ಆನೆಗೂ ಒಗ್ಗಿದ ನೆಲ ಅದು. ಒಂದು ಕಡೆಯ ಜಾಣನು ಇನ್ನೊಂದು ಕಡೆ ಹೊಸಬನೇ. ಆದುದರಿಂದ ಇಲ್ಲಿ ಒಳ್ಳೆಯ ಮಾರ್ಗದರ್ಶಿ ಎಂದರೆ ಬೇಟೆ ಬಲ್ಲವನೆಂದಷ್ಟೇ ಅರ್ಥವಲ್ಲ, ಈ ಹಳ್ಳವನ್ನೂ ಆ ಕಂಡಿಯನ್ನೂ ಬಲ್ಲವನೆಂದು ಅರ್ಥ.

ಊರವರ ಬೇಟೆಯಲ್ಲಿ ಆಯ್ಕೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಸೋವುಬೇಟೆಯಲ್ಲಿ ಹಳು ನುಗ್ಗಿ ಮೃಗವನ್ನು ಎಬ್ಬಿಸುವವರು, ಕಂಡಿಯಲ್ಲಿ ಕೋವಿ ಹಿಡಿದು ನಿಲ್ಲುವವರು, ಎಲ್ಲರೂ ಒಬ್ಬರನ್ನೊಬ್ಬರು ಹುಟ್ಟಿನಿಂದ ಬಲ್ಲವರು. ಮರಸಿಗೆ ಕೂರುವವನಿಗೂ ಯಾವ ಅತ್ತಿಯ, ಯಾವ ಗೋಣಿಯ ಹಣ್ಣು ಈ ವಾರ ಉದುರುತ್ತಿದೆ ಎಂಬ ಸುದ್ದಿ ತೋಟದ ಆಳಿನಿಂದಲೇ ಬರಬೇಕು. ಆ ಆಳು ಬಹುಮಟ್ಟಿಗೆ ಹಸಲನೋ ಗೌಡಲುವೋ ಆಗಿರುತ್ತಿದ್ದನು. ಅಡಕೆಯ ತೋಟಗಳ ಜೀತದಲ್ಲಿ ತಲೆತಲಾಂತರದಿಂದ ಸಿಕ್ಕಿಬಿದ್ದ ಜನ ಇವರು. ಒಡೆಯನು ಅವರನ್ನು ನಂಬಿದ್ದನೆಂಬುದು ನಿಜವೇ. ಆದರೆ ಈ ನಂಬಿಕೆಯನ್ನು ಹೊಗಳುವ ಮುನ್ನ ಇತಿಹಾಸದ ವಿದ್ಯಾರ್ಥಿಯು ತುಸು ನಿಲ್ಲಬೇಕು. ಒಲ್ಲೆನೆನ್ನುವ ಸ್ವಾತಂತ್ರ್ಯ ಇಲ್ಲದವನ ನಿಷ್ಠೆಯನ್ನು ನಿಷ್ಠೆ ಎಂದು ಕರೆಯಬಹುದೇ ಎಂಬುದು ಸುಲಭವಾಗಿ ತೀರುವ ಪ್ರಶ್ನೆಯಲ್ಲ.

ಹೊರಗಿನಿಂದ ಬಂದ ಬೇಟೆಗಾರನ ಪಾಡು ಬೇರೆ. ಇಲ್ಲೊಂದು ಪದದ ವಿಚಿತ್ರವನ್ನು ಹೇಳಬೇಕು. ನಮ್ಮ ಮಲೆನಾಡಿನಲ್ಲಿ ಶಿಕಾರಿ ಎಂದರೆ ಬೇಟೆಯ ಕೆಲಸ. ಆಂಗ್ಲರ ಪುಸ್ತಕಗಳಲ್ಲಿ ಅದೇ ಪದ ದೇಶೀಯ ಮಾರ್ಗದರ್ಶಿಯ ಹೆಸರು. ಕೆಲಸವೇ ಮನುಷ್ಯನ ಹೆಸರನ್ನು ನುಂಗಿದಂತಾಯಿತು. ಪರಸ್ಥಳದ ದೊರೆಯು ಅಮಲ್ದಾರನ ಮೂಲಕ ಪಟೇಲನನ್ನೂ, ಪಟೇಲನ ಮೂಲಕ ಆಳನ್ನೂ ಪಡೆಯುತ್ತಿದ್ದನು. ಹಿಂದಿನ ದೊರೆಗಳು ಬರೆದುಕೊಟ್ಟ ಚೀಟಿಗಳನ್ನು ಮಾರ್ಗದರ್ಶಿಯು ಜೋಪಾನವಾಗಿ ಕಟ್ಟಿಟ್ಟುಕೊಂಡು ಹೊಸಬರಿಗೆ ತೋರಿಸುವುದು ಭಾರತದಲ್ಲೆಲ್ಲ ರೂಢಿಯಾಗಿತ್ತು. ಓದು ಬಾರದವನ ಕೈಯಲ್ಲಿ ಓದು ಬಲ್ಲವರಿಗಾಗಿ ಬರೆದ ಕಾಗದ! ಅದು ಹೇಳುವುದು ಹಿಂದಿನ ದೊರೆಗೆ ಮೃಗ ಸಿಕ್ಕಿತೆಂಬುದನ್ನೇ ಹೊರತು ಈತನ ಗುಣವನ್ನಲ್ಲ.

ಇಂಥ ಏರ್ಪಾಡಿನ ದೋಷ ಎಲ್ಲಿದೆಯೆಂಬುದು ಕೆನೆತ್ ಆಂಡರ್‌ಸನ್ನನು ಹೇಳಿದ ಮುನಿಸ್ವಾಮಿಯ ಕಥೆಯಿಂದ ಚೆನ್ನಾಗಿ ತಿಳಿಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ಯ ಮೂಲಕ ಅದು ಕನ್ನಡಿಗರಿಗೆ ಪರಿಚಿತವಾಗಿದೆ. ಹೊಸ ಬೇಟೆಗಾರರಿಗೆ ಕಾಡಿನ ಸುದ್ದಿ ಹೇಳಿ ಹಣ ಕೀಳುವುದು ಆ ಮನುಷ್ಯನ ಉದ್ಯೋಗ. ಅವನನ್ನು ಮೋಸಗಾರನೆಂದು ನಕ್ಕು ಬಿಡುವುದು ಸುಲಭ. ಆದರೆ ಸುದ್ದಿಗೆ ಬೆಲೆ ಕಟ್ಟಿದ ಕಡೆ ಸುದ್ದಿ ಹುಟ್ಟಿಯೇ ತೀರುತ್ತದೆ. ಹುಲಿಯಿಲ್ಲವೆಂದು ಹೇಳಿದವನಿಗೆ ಆ ದಿನ ಕೂಳಿಲ್ಲ. ಅದೇ ಆಂಡರ್‌ಸನ್ನನು ಮನಸಾರೆ ನಂಬಿದ್ದು ಆಗಿನ ಸೇಲಂ ಜಿಲ್ಲೆಯ ಕಾಡಿನ ಪೂಜಾರಿ ಬೈರನನ್ನು. ಕಾನೂನಿನ ದೃಷ್ಟಿಯಲ್ಲಿ ಬೈರನು ಕಳ್ಳಬೇಟೆಯವನು. ಅವನಲ್ಲಿ ಯಾರ ಚೀಟಿಯೂ ಇರಲಿಲ್ಲ. ನಂಬಿಕೆ ಬೆಳೆದದ್ದು ಒಟ್ಟಿಗೆ ನಡೆದ ದಾರಿಯಿಂದ.

ಹಾಗಾದರೆ ಬಲ್ಲವರು ಯಾವ ಲಕ್ಷಣಗಳನ್ನು ನೋಡುತ್ತಿದ್ದರು? ಜಾಡು ಓದುವ ಜಾಣ್ಮೆ ಮೊದಲನೆಯದು. ಹೆಜ್ಜೆಯ ಅಂಚು ಕುಸಿದಿದೆಯೇ, ಅದರ ಮೇಲೆ ಜೇಡ ನೂಲು ಹಾಯಿಸಿದೆಯೇ, ಅದು ಮೂಡಿದ್ದು ಇಬ್ಬನಿಗೆ ಮುಂಚೆಯೋ ಅನಂತರವೋ, ತುಳಿದ ಹುಲ್ಲು ಮರಳಿ ತಲೆಯೆತ್ತಿದೆಯೋ ಇಲ್ಲವೋ ಎಂಬಿವನ್ನು ಆತ ನಿಂತ ನಿಲುವಿನಲ್ಲೇ ಹೇಳಬೇಕು. ಮೈಸೂರು ಸರ್ಕಾರದ ಸೇವೆಯಲ್ಲಿದ್ದು ಖೆಡ್ಡಾದಿಂದ ಪ್ರಸಿದ್ಧನಾದ ಸ್ಯಾಂಡರ್‌ಸನ್ನನು 1878ರ ತನ್ನ ಗ್ರಂಥದಲ್ಲಿ ಕಾಡುಕುರುಬರ ಈ ಬಗೆಯ ಬಲ್ಮೆಯನ್ನು ಮೆಚ್ಚಿದ್ದಾನೆ. ಆದರೆ ಜಾಣ್ಮೆಯೊಂದೇ ಸಾಲದು. ಜಾಡು ತಪ್ಪಿದಾಗ ತಪ್ಪಿತೆಂದು ಒಪ್ಪಿಕೊಂಡು ಕೊನೆಯ ಗುರುತಿಗೆ ಹಿಂದಿರುಗುವವನು ಬೇಕು. ದೊರೆಯ ಮುಖ ನೋಡಿ ಮಾತಾಡುವವನು ಕಾಡಿನಲ್ಲಿ ಅಪಾಯ. ನಮ್ಮ ಅಭಿಪ್ರಾಯದಲ್ಲಿ, ‘ಇವತ್ತು ಬೇಡ ಒಡೆಯಾ’ ಎನ್ನಬಲ್ಲ ಧೈರ್ಯವು ಗುರಿಗಿಂತ ದೊಡ್ಡ ಗುಣ. ಆ ಮಾತನ್ನು ಕೇಳಿಸಿಕೊಳ್ಳಬಲ್ಲ ಬೇಟೆಗಾರನೂ ಅಷ್ಟೇ ವಿರಳ.

ನಿಜವಾದ ಪರೀಕ್ಷೆ ಬರುತ್ತಿದ್ದುದು ಗಾಯಗೊಂಡ ಮೃಗ ಹಳು ಹೊಕ್ಕಾಗ. ಗುಂಡು ತಗಲಿದ ಹುಲಿಯನ್ನೋ ಕಾಟಿಯನ್ನೋ ಹಾಗೆಯೇ ಬಿಟ್ಟುಬರುವಂತಿಲ್ಲ. ಮರುದಿನ ಅದೇ ಹಳುವಿಗೆ ಸೊಪ್ಪು ತರಲು ಹೋಗುವವರು ಊರ ಹೆಂಗಸರು. ಆಗ ನೆತ್ತರ ಹನಿಗಳ ಮೇಲೆ ಕಣ್ಣು ನೆಟ್ಟು ಮುಂದೆ ಬಾಗಿ ನಡೆಯುವವನು ಮಾರ್ಗದರ್ಶಿ. ನೆಲ ನೋಡುವವನು ಎದುರು ನೋಡಲಾರ. ಅವನ ಪ್ರಾಣ ಆ ಗಳಿಗೆಯಲ್ಲಿ ಹಿಂದಿರುವ ಕೋವಿಯವನ ಕೈಯಲ್ಲಿ. ಕೋವಿಯವನು ಬೆದರಿ ಓಡಿದರೆ ಮುಂದಿನವನು ಕೆಟ್ಟ. ಆದುದರಿಂದ ನಂಬಿಗಸ್ತ ಮಾರ್ಗದರ್ಶಿಯನ್ನು ಆರಿಸುವ ಬಗೆಯನ್ನು ಹೇಳುವಾಗ, ನಂಬಿಗಸ್ತ ಬೇಟೆಗಾರನನ್ನು ಆರಿಸುವ ಹಕ್ಕು ಮಾರ್ಗದರ್ಶಿಗೆ ಇತ್ತೇ ಎಂದೂ ಕೇಳಬೇಕಾಗುತ್ತದೆ. ಪಟೇಲನು ಕಳಿಸಿದ ಆಳಿಗೆ ಅದು ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1901ರ ಮೃಗ ಮತ್ತು ಮತ್ಸ್ಯ ಸಂರಕ್ಷಣಾ ಶಾಸನವು ಬೇಟೆಯನ್ನು ಕಟ್ಟಳೆಗೆ ಒಳಪಡಿಸಿತು. ಅದು ಕಾಯಹೊರಟದ್ದು ಮೃಗವನ್ನು, ಮೀನನ್ನು.

ಬೇಟೆಯಲ್ಲಿ ಸತ್ತವರ ನೆನಪನ್ನು ನಮ್ಮ ನಾಡು ಉಳಿಸಿಕೊಂಡಿಲ್ಲವೆಂದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ 949-50ರ ಶಾಸನವು ಸುಪ್ರಸಿದ್ಧ. ಗಂಗ ಬೂತುಗನು ತನ್ನ ವೀರ ಮಣಲೇರನಿಗೆ ಬೇಡಿದ್ದನ್ನು ಕೊಡುವೆನೆಂದಾಗ ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಕಾಳಿ ದೊಡ್ಡದೊಂದು ಹಂದಿಯೊಡನೆ ಕಾದಿ, ಎರಡೂ ಮಡಿದವು. ಅದಕ್ಕಾಗಿ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಪೂಜೆಗೆ ಏರ್ಪಾಡಾಯಿತು. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ನಮಗೆ ಗೊತ್ತು. ಬೈರನ ಹೆಸರು ಆಂಡರ್‌ಸನ್ನನ ಕೃಪೆಯಿಂದ ಉಳಿದಿದೆ. ಕೊಪ್ಪ, ಶೃಂಗೇರಿಗಳ ಹಸಲರಿಗೆ ಅಂಥ ಪ್ರಸಿದ್ಧಿ ದೊರೆಯಲಿಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಜೀತದಾಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ಹೆಸರನ್ನೂ ದಾರಿಯನ್ನೂ ಕೊಟ್ಟರು. 1967ರಲ್ಲಿ ಬಂದ ಆ ಕಾದಂಬರಿ ಈ ವಿಷಯದಲ್ಲಿ ದೊರೆಗಳ ದಿನಚರಿಗಳಿಗಿಂತ ಹೆಚ್ಚು ನ್ಯಾಯವಾಗಿ ನಡೆದುಕೊಂಡಿದೆ ಎಂದು ಹೇಳಲು ನಾವು ಹಿಂಜರಿಯುವುದಿಲ್ಲ.

ಹುಲಿಬೇಟೆ 1970ರಲ್ಲಿ ನಿಷಿದ್ಧವಾಯಿತು; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ದೊಡ್ಡಬೇಟೆಯ ಕಾಲವೇ ಮುಗಿಯಿತು. 1951ರಲ್ಲಿ ಜಾಗರ ಕಣಿವೆಯಲ್ಲಿ ಮೊದಲಾದ ಮೃಗಧಾಮವು 1974ರಲ್ಲಿ ವಿಸ್ತಾರಗೊಂಡು ಭದ್ರಾ ಅಭಯಾರಣ್ಯವಾಗಿ, 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಶೃಂಗೇರಿಯ ಕಡೆ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಬಂದಿತು. ಜಾಡು ಓದುವ ವಿದ್ಯೆ ಮಾತ್ರ ಇನ್ನೂ ಬೇಕಾಗಿದೆ: ಹುಲಿಯ ಹೆಜ್ಜೆಗುರುತು ಹುಡುಕುವವರ ಮುಂದೆ ಈಗಲೂ ಕಾಡು ಬಲ್ಲ ಒಬ್ಬ ಕಾವಲುಗಾರ ನಡೆಯುತ್ತಾನೆ. ನಮ್ಮ ವಿದ್ಯಾರ್ಥಿಗಳಲ್ಲಿ ಈ ಸೀಮೆಯವರು ತಮ್ಮ ಮನೆಯ ಅಟ್ಟದಲ್ಲಿ ಹಳೆಯ ಅಡಕೆ ಲೆಕ್ಕದ ಪುಸ್ತಕಗಳಿದ್ದರೆ ಅವನ್ನು ಒಮ್ಮೆ ಬಿಚ್ಚಿ ನೋಡಲಿ. ಆಳುಗಳ ಪಡಿ, ಕಂಬಳಿ, ಮುಂಗಡಗಳ ಬಾಬ್ತಿನಲ್ಲಿ ಹೆಸರುಗಳು ಬಂದೇ ಬರುತ್ತವೆ. ಅವುಗಳಲ್ಲಿ ಕೋವಿಯ ಮುಂದೆ ನಡೆದವರು ಯಾರೆಂಬುದನ್ನು ಹೇಳಬಲ್ಲ ಮುದುಕರು ಕೇರಿಯಲ್ಲಿ ಇರುವಾಗಲೇ ಕೇಳಿ ಬರೆದಿಡಬೇಕು.